ಶ್ರಾವಣದಲ್ಲಿ ಬಂದ ನೀರುನಾಯಿ

ನಿಡಗುಂದಿ ಹತ್ತಿರದ ನಮ್ಮೂರಿನಲ್ಲಿ ಸಿದ್ದವ್ವನ ಕೈಗೆ ಸಿಕ್ಕ ಪ್ರಾಣಿಗೆ ಏನೇ ಆಗಿರಲಿ, ಮದ್ದು ಒಂದೇ: ಅರಿಸಿನ, ಹಾಲು, ಬಾಳೆಹಣ್ಣು. ಕಾಲು ಮುರಿದ ಆಡಿಗೂ ಅದೇ, ತಂತಿ ತಗುಲಿದ ಮಂಗಕ್ಕೂ ಅದೇ. ಎಲ್ಲವೂ ಬದುಕಿದವು ಎಂದು ಬರೆದರೆ ಸುಳ್ಳಾಗುತ್ತದೆ. ಸತ್ತವು ಒಂಟಿಯಾಗಿ ಸಾಯಲಿಲ್ಲ ಎಂದಷ್ಟೇ ಬರೆಯಬಹುದು.

ಈ ಶ್ರಾವಣದಲ್ಲಿ ಕಾಲುವೆಯ ನೀರು ನಿಲ್ಲಿಸಿದಾಗ, ಆಲಮಟ್ಟಿ ಹಿನ್ನೀರಿನಿಂದ ಬಂದಿದ್ದ ನೀರುನಾಯಿಯ ಮರಿಯೊಂದು ತಳದಲ್ಲೇ ಉಳಿಯಿತು. ಸಿಮೆಂಟಿನ ನುಣುಪು ಗೋಡೆ ಹತ್ತಲು ಹೋಗಿ ಜಾರಿ ಜಾರಿ ಅದರ ಉಗುರು ಕಿತ್ತುಹೋಗಿತ್ತು. ಸಿದ್ದವ್ವ ಬುಟ್ಟಿ ಇಳಿಬಿಟ್ಟು ಎತ್ತಿ ತಂದು, ದನ ನೀರು ಕುಡಿಯುವ ತೊಟ್ಟಿಯಲ್ಲಿ ಬಿಟ್ಟಳು. ಊರೇ ಬಂದು ನೋಡಿತು. ಹಾಲು, ಹಣ್ಣು, ಹುಗ್ಗಿ ಬಂದವು. ಮರಿ ಎಲ್ಲದಕ್ಕೂ ಮುಖ ತಿರುವಿತು.

ಅರಣ್ಯ ಇಲಾಖೆಯವರು ಫೋನಿನಲ್ಲಿ, "ಮುಂಜಾನೆ ಬರ್ತೇವಿ. ಅಲ್ಲೀತನಕ ಮೀನ ಹಾಕ್ರಿ, ಇಲ್ಲಾಂದ್ರ ಉಳಿಯೂದಿಲ್ಲ" ಎಂದರು.

"ಶ್ರಾವಣ ಸೋಮವಾರ ಮೀನ? ನಮ್ಮ ಓಣ್ಯಾಗ?" ಎಂದ ಪಂಚಾಯತಿ ಸದಸ್ಯ ಅನಿಲ. "ಊರಿಗೆ ಬಂದ ಮ್ಯಾಲ ಊರ ರೀತಿ ನಡೀಬೇಕು. ಒಂದಿನ ಉಪಾಸ ಇದ್ರ ಅದಕ್ಕೂ ಪುಣ್ಯ." ನಾಳೆ ಬೀಳ್ಕೊಡುವಾಗ ಮರಿಗೆ ಶಾಲು ಹೊದಿಸಬೇಕೆಂದೂ ಅವನೇ ಗೊತ್ತು ಮಾಡಿದ.

ಸಂಜೆಗೆ ಮರಿ ತಲೆ ಎತ್ತುವುದನ್ನೂ ಬಿಟ್ಟಿತು. ಹುಟ್ಟಿದಾಗಿನಿಂದ ಮೀನು ಮುಟ್ಟದ ಸಿದ್ದವ್ವ, ಸೆರಗಿನಲ್ಲಿ ಡಬ್ಬಿ ಮುಚ್ಚಿಕೊಂಡು ಮೀನು ಹಿಡಿಯುವ ಗುಡುಸಾಬನ ಹಿತ್ತಲ ಬಾಗಿಲಿಗೆ ಹೋದಳು.

"ಏನವ್ವಾರ, ನೀವೂ ಬಂದ್ರಿ?" ಗುಡುಸಾಬ ನಕ್ಕ.

"ನನಗಲ್ಲೋ ತಮ್ಮಾ. ಮನಿಗೆ ಅತಿಥಿ ಬಂದೈತಿ."

"ಶ್ರಾವಣದಾಗ ಈ ಬಾಗಿಲಿಗೆ ಬಂದಾವ್ರೆಲ್ಲಾ ಹಂಗ ಅಂತಾರ್ರೀ. ನಮ್ಮ ಮೆಂಬರ್ ಅನಿಲಣ್ಣಗಂತೂ ವಾರಕ್ಕೊಮ್ಮಿ ಅತಿಥಿ."

ತಿರುಗಿ ಬಂದಾಗ ಅನಿಲ ತೊಟ್ಟಿಯ ಮುಂದೆಯೇ ನಿಂತಿದ್ದ, ಅವನ ಹಿಂದೆ ಓಣಿಯವರು. ವಾಸನೆ ಬಂದದ್ದೇ ಮೂಗು ಮುಚ್ಚಿಕೊಂಡ. "ಡಬ್ಬ್ಯಾಗ ಏನೈತಿ, ಕಾಕಿ?"

"ನಿಮ್ಮನಿ ಅತಿಥಿ ವಾರವಾರ ಉಣ್ಣೂದ. ಹೆಸರ ಹೇಳ್ಲೇನು?"

ಅನಿಲ ಮೂಗಿನಿಂದ ಕೈ ತೆಗೆದು ಪಕ್ಕಕ್ಕೆ ಸರಿದ. "ಹಾಕು, ಹಾಕು. ಪಾಪ, ಮೂಕ ಪ್ರಾಣಿ."

ಸಿದ್ದವ್ವ ಗೋಡೆಯ ಕಡೆ ಮುಖ ಮಾಡಿ, ಇಕ್ಕಳದಲ್ಲಿ ಮೀನು ಹಿಡಿದು ತೊಟ್ಟಿಯೊಳಗೆ ಚಾಚಿದಳು. ಮೊದಲು ಮರಿ ಮೂಸಿತಷ್ಟೇ. ಆಮೇಲೆ ಇಕ್ಕಳವನ್ನೂ ಬಿಡದೆ ಕಚ್ಚಿತು.

ಮರುದಿನ ಹಿನ್ನೀರಿನ ದಡದಲ್ಲಿ ಮರಿ ಶಾಲಿನೊಳಗಿಂದ ನುಸುಳಿ ನೀರಿಗೆ ಹಾರಿತು. ಫೋಟೋದಲ್ಲಿ ಅನಿಲ ಖಾಲಿ ಶಾಲು ಹಿಡಿದು ನಗುತ್ತಿದ್ದಾನೆ. ಸಿದ್ದವ್ವ ಅದರಲ್ಲಿಲ್ಲ, ಮನೆಯಲ್ಲಿ ಹುಣಸೆಹಣ್ಣು ಹಚ್ಚಿ ಡಬ್ಬಿ, ಇಕ್ಕಳ ತಿಕ್ಕುತ್ತಿದ್ದಳು. ಅವನ್ನು ಅಡುಗೆಮನೆಗೆ ಒಯ್ಯಲಿಲ್ಲ, ಬಿಸಾಡಲೂ ಇಲ್ಲ. ದನದ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ, ಅರಿಸಿನದ ಪಕ್ಕಕ್ಕೆ ಇಟ್ಟಳು.