ಗಾಜಿನ ಬಾಗಿಲ ಕಡೆಯ ಬಾಸ್ಕೆಟ್

ಶೈಲಮ್ಮನವರ ಮನೆಯಲ್ಲಿ ಕೆಟ್ಟ ಮಾತು ಆಡುವ ಹಾಗಿರಲಿಲ್ಲ. ಹಿಮ ಬಿದ್ದ ರಸ್ತೆಯಲ್ಲಿ ಕಾರು ಜಾರೀತು ಎಂದರೆ ಸಾಕು, ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದು ‘ಬಿಡ್ತು ಅನ್ನಿ’ ಎನ್ನುತ್ತಿದ್ದರು. ಅನ್ನುವವರೆಗೂ ಬಡಿಸುತ್ತಿರಲಿಲ್ಲ. ನಮ್ಮ ತಲೆಯ ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ನಾವಾಡಿದ್ದಕ್ಕೆಲ್ಲ ಅಸ್ತು ಅಂದುಬಿಡುತ್ತಾರೆ ಎಂಬುದು ಅವರ ನಂಬಿಕೆ. ಆ ದೇವತೆಗಳಿಗೆ ನ್ಯೂಜೆರ್ಸಿಗೆ ವೀಸಾ ಕೊಟ್ಟವರು ಯಾರು ಎಂದು ಗಂಡ ಬದರೀನಾಥ ರೇಗಿಸುತ್ತಿದ್ದರು. ರೇಗಿಸಿದ ಮೇಲೆ ಅವರೂ ಬಿಡ್ತು ಅನ್ನುತ್ತಿದ್ದರು. ಪಕ್ಕದ ಮನೆಯ ನಾನೂ ಎಷ್ಟೋ ಸಲ ಅಂದಿದ್ದೇನೆ. ಹಸಿದ ಹೊಟ್ಟೆಯಲ್ಲಿ ಯಾರು ವಾದ ಮಾಡುತ್ತಾರೆ?

ಬದರೀನಾಥರಿಗೆ ಪಿಸ್ಕಾಟವೇಯಲ್ಲಿ ಟೆಲಿಫೋನ್ ಕಂಪನಿಯ ಕೆಲಸ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಅಮೆರಿಕಕ್ಕೆ ಬಂದವರು. ಮಕ್ಕಳಿರಲಿಲ್ಲ. ಮನೆಯಲ್ಲಿ ಕೂತು ಬೇಸತ್ತ ಶೈಲಮ್ಮ ಹತ್ತಿರದ ಒಂದು ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳ ಜಿಮ್‌ಗೆ ಕೆಲಸಕ್ಕೆ ಸೇರಿದರು. ಟವೆಲ್ಲು ಒಗೆಸುವುದು, ಆಟದ ಬಟ್ಟೆ ಹೊಂದಿಸುವುದು, ಚೆಂಡಿಗೆ ಗಾಳಿ ತುಂಬುವುದು. ಕಾಲೇಜಿನಲ್ಲಿದ್ದಾಗ ಮೈಸೂರಿನಲ್ಲಿ ತಾವೂ ಬಾಸ್ಕೆಟ್‌ಬಾಲ್ ಆಡಿದವರು. ಆಟ ನೋಡುವಾಗ ಅವರ ಕಾಲು ಕೂತಲ್ಲೇ ಕುಣಿಯುತ್ತಿತ್ತು.

ಹೆಣ್ಣುಮಕ್ಕಳಿಗೂ ಆಟದಲ್ಲಿ ಪಾಲು ಕೊಡಬೇಕೆಂಬ ಕಾನೂನು ಬಂದ ಮೇಲೆ ವಿಶ್ವವಿದ್ಯಾಲಯಕ್ಕೆ ಎಚ್ಚರವಾಯಿತು. ಹುಡುಗರು ಹೊಸ ಜಿಮ್‌ಗೆ ಹೋದರು, ಹಳೆಯದು ಹುಡುಗಿಯರಿಗೆ ಬಂತು. ಅದನ್ನೇ ದೊಡ್ಡ ಉಪಕಾರವೆಂದು ಹೇಳಿಕೊಂಡರು. ಕೋಚ್ ಮಿಸ್ ಹ್ಯಾಲಕ್ ಸುತ್ತಲ ಹೈಸ್ಕೂಲುಗಳಿಂದ ಒಳ್ಳೆಯ ಆಟಗಾರ್ತಿಯರನ್ನು ಕರೆತಂದು ಜಾಗ ತೋರಿಸಬೇಕಿತ್ತು, ತಮ್ಮಲ್ಲೇ ಸೇರುವಂತೆ ಮನಸ್ಸು ಒಲಿಸಬೇಕಿತ್ತು. ಹೋಟೆಲ್ ಊಟಕ್ಕೆ ಆಫೀಸಿನವರು ಒಪ್ಪಲಿಲ್ಲ. ಹಾಗಾಗಿ ಬಂದ ಹುಡುಗಿಯರಿಗೂ ಅವರ ತಾಯಂದಿರಿಗೂ ಶೈಲಮ್ಮನವರ ಮನೆಯಲ್ಲೇ ಊಟ. ಆ ತಂಡ ಕಟ್ಟಿದ್ದು ಕೋಚ್ ಅಲ್ಲ, ಚಿತ್ರಾನ್ನ ಎಂದು ನಾವು ನಗುತ್ತಿದ್ದೆವು.

ಹಳೆಯ ಜಿಮ್‌ನಲ್ಲಿ ಒಂದು ಕಡೆಯ ಬಾಸ್ಕೆಟ್ಟಿನ ಬೆನ್ನಿಗೇ ಗಾಜಿನ ಬಾಗಿಲಿತ್ತು. ಅಂಕಣದ ಗೆರೆ ದಾಟಿದರೆ ಬಾಗಿಲೇ. ಓಡಿಬಂದು ಚೆಂಡು ಹಾಕಿದ ಹುಡುಗಿಯರು ಎರಡೂ ಅಂಗೈ ಗಾಜಿಗೆ ಊರಿ ನಿಲ್ಲುತ್ತಿದ್ದರು. ಎಲ್ಲರಿಗೂ ಅದು ಅಭ್ಯಾಸವಾಗಿತ್ತು. ಗಾಜಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದದ್ದನ್ನು ಕಂಡವರು ಅದನ್ನು ದಿನಾ ಒರೆಸುತ್ತಿದ್ದ ಶೈಲಮ್ಮ ಒಬ್ಬರೇ. ಚಳಿ ಹೆಚ್ಚಿದಂತೆ ಅದು ಮೇಲಕ್ಕೆ ಹತ್ತತೊಡಗಿತು. ಯಾರಾದರೂ ಕೈ ಊರಿದಾಗ ಗಾಜು ಗಡಗಡ ಎನ್ನುವುದು. ಆಗ ಅವರು ಕಣ್ಣು ಮುಚ್ಚಿಕೊಳ್ಳುವರು.

ಬಾಗಿಲು ಸರಿಯಿಲ್ಲ ಎಂದಷ್ಟೇ ಕೋಚ್‌ಗೆ ಹೇಳಿದರು. ಕೋಚ್ ಆಫೀಸಿಗೆ ಹೇಳಿದರು. ಬೇಸಿಗೆಯಲ್ಲಿ ನೋಡೋಣ ಎಂದು ಆಫೀಸು ಹೇಳಿತು. ಒಂದು ಹುಡುಗಿಯ ಕೈ ಹೋದೀತು ಎಂದು ಬಾಯಿಬಿಟ್ಟು ಅಂದಿದ್ದರೆ ಅವತ್ತೇ ಬಡಗಿ ಬರುತ್ತಿದ್ದನೋ ಏನೋ. ಆದರೆ ಹಾಗೆ ಅನ್ನುವುದು ಹೇಗೆ? ಅಂದರೆ ಆಗಿಬಿಡುತ್ತದಲ್ಲ! ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬದಲಿಗೆ ಪ್ರತಿ ಪಂದ್ಯಕ್ಕೆ ಮುಂಚೆ ತಂಡದ ಹುಡುಗಿಯರಿಗೆಲ್ಲ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಜಿಮ್‌ನ ಹಿತ್ತಲಲ್ಲಿ ಸುಡುತ್ತಿದ್ದರು. ಮಿಸ್ ಹ್ಯಾಲಕ್ ಕೆಮ್ಮುತ್ತಾ, ಇದು ಯಾವ ಅಡುಗೆ ಎಂದು ಕೇಳಿದ್ದರಂತೆ.

ಎಪ್ಪತ್ತೈದರ ಫೆಬ್ರವರಿಯಲ್ಲಿ ಹೋಬೋಕನ್‌ನಿಂದ ರೇಣು ಬಂದಳು, ತಾಯಿ ಡಾಕ್ಟರ್ ಪಂಕಜಾ ಜೊತೆ. ಕೋಚ್ ಕರೆಸಿದವರಲ್ಲಿ ನಮ್ಮ ಪೈಕಿ ಹುಡುಗಿ ಅವಳೊಬ್ಬಳೇ. ನೀಳವಾದ ಕೈಕಾಲು, ಮಾತೆಲ್ಲ ಇಂಗ್ಲಿಷು, ಚೆಂಡು ಹಿಡಿದರೆ ಕಣ್ಣು ಕೀಳಲಾಗದು. ಪಂಕಜಾಗೆ ಇದ್ದವಳು ಅವಳೊಬ್ಬಳೇ. ಊಟವಾದ ಮೇಲೆ ಜಿಮ್‌ನಲ್ಲಿ ಕೋಚ್ ಅವಳ ಆಟ ನೋಡುವುದೆಂದು ನಿಶ್ಚಯವಾಗಿತ್ತು. ನಾನು ಬಡಿಸಲು ಹೋಗಿದ್ದೆ.

ಪಾಯಸ ಬಡಿಸುವಾಗ ಪಂಕಜಾ ಮೆಲ್ಲಗೆ ಕೇಳಿದರು. “ಶೈಲಮ್ಮನೋರೇ, ನೀವು ದಿನಾ ಅಲ್ಲೇ ಇರ್ತೀರ. ಮಗಳನ್ನ ಇಲ್ಲಿಗೆ ಕಳಿಸಬಹುದು ತಾನೆ? ಏನೂ ಭಯ ಇಲ್ಲ ಅಲ್ವಾ?”

ಶೈಲಮ್ಮ ಪಾತ್ರೆ ಕೆಳಗಿಟ್ಟರು. ಜನ್ಮದಲ್ಲಿ ಮೊದಲ ಸಲ ಅವರು ಅಂಥ ಮಾತಿಗೆ ಬಾಯಿ ತೆರೆದದ್ದು.

“ಒಂದಿದೆ ಪಂಕಜಾ. ಅಲ್ಲೊಂದು ಗಾಜಿನ ಬಾಗಿಲಿದೆ. ಯಾವತ್ತಾದ್ರೂ ಯಾರಾದ್ರೂ ಹುಡುಗಿ ಕೈ…”

“ಅಯ್ಯೋ, ಬಿಡ್ತು ಅನ್ನಿ,” ಎಂದರು ಪಂಕಜಾ. ಅವರ ಕೈ ಮಗಳ ತಲೆಯ ಮೇಲೆ ಹೋಗಿತ್ತು. “ಊಟಕ್ಕೆ ಕೂತಿರೋ ಮಗು ಎದುರಿಗೆ ಇದೇನ್ ಮಾತು? ಮೊದಲು ಬಿಡ್ತು ಅನ್ನಿ.”

ಊರಿಗೆಲ್ಲ ಕಲಿಸಿದ ಪಾಠ ತಿರುಗಿ ಬಂದಿತ್ತು. ಶೈಲಮ್ಮ ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ತಲೆ ತಗ್ಗಿಸಿ, “ಬಿಡ್ತು,” ಅಂದರು.

ರೇಣುಗೆ ಈ ಕನ್ನಡ ಎಷ್ಟು ತಿಳಿಯಿತೋ ಗೊತ್ತಿಲ್ಲ. ಅವಳು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡಳು.

ಜಿಮ್‌ನಲ್ಲಿ ಅವಳು ಮೊದಲು ಆಚೆ ಕಡೆಯ ಬಾಸ್ಕೆಟ್ಟಿಗೆ ಆಡಿದಳು. ಕೋಚ್ ಮುಖ ಅರಳಿತು. ಆಮೇಲೆ ಈ ಕಡೆ ತಿರುಗಿದಳು. ಶೈಲಮ್ಮ ನನ್ನ ಪಕ್ಕದಿಂದ ಎದ್ದು ಬಾಗಿಲ ಕಡೆ ಓಡತೊಡಗಿದರು. ಸೀರೆ ಕಾಲಿಗೆ ತೊಡರಿತು. ರೇಣು ಚೆಂಡು ಹಾಕಿದಳು, ಅದು ಬಲೆಯೊಳಗೆ ಬಿತ್ತು, ಅವಳು ನಗುತ್ತಲೇ ಎಲ್ಲರ ಹಾಗೆ ಕೈ ಊರಿದಳು. ಗಾಜು ಒಡೆದ ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ಬಲಗೈ ಮೊಣಕೈವರೆಗೂ ಆಚೆ ಹೋಗಿತ್ತು. ಶೈಲಮ್ಮ ಒಗೆದು ಮಡಿಸಿಟ್ಟ ಟವೆಲ್ಲುಗಳೆಲ್ಲ ಕೆಂಪಾದವು.

ಕೈ ಉಳಿಯಿತು. ಬೆರಳು ಮಾತ್ರ ಮತ್ತೆ ಚೆಂಡು ಹಿಡಿಯುವಷ್ಟು ಮಡಚಲಿಲ್ಲ. ಮರುದಿನವೇ ಬಡಗಿಗಳು ಬಂದು ಆ ಜಾಗವನ್ನು ಹಲಗೆಯಿಂದ ಮುಚ್ಚಿ, ಮೇಲೆ ದಪ್ಪನೆಯ ಮೆತ್ತೆ ಹೊಡೆದರು. ಬೇಸಿಗೆ ಅಷ್ಟು ಬೇಗ ಬಂತು ನೋಡಿ.

ಪಂಕಜಾ ಯಾರನ್ನೂ ಬೈಯಲಿಲ್ಲ. ಆದರೆ ಶೈಲಮ್ಮನವರ ಮನೆಗೆ ಮತ್ತೆ ಬರಲೂ ಇಲ್ಲ.

ಮುಂದಿನ ವರ್ಷ ಟ್ರೆಂಟನ್ ಕಡೆಯಿಂದ ಒಬ್ಬ ಹುಡುಗಿ ತಾಯಿಯೊಂದಿಗೆ ಬಂದಾಗ ಶೈಲಮ್ಮ ತಟ್ಟೆ ಹಾಕುವ ಮೊದಲೇ ಮಾತಿಗೆ ಕೂತರು. ಹಲಗೆಯ ಹಿಂದೆ ಏನಿತ್ತು, ಯಾವ ಹುಡುಗಿಗೆ ಏನಾಯಿತು ಎಂದು ತಮ್ಮ ಮುರುಕು ಇಂಗ್ಲಿಷಿನಲ್ಲಿ ಹೇಳಿದರು. ಜಿಮ್‌ನ ಏಣಿ ಅಲ್ಲಾಡುತ್ತದೆ, ಒಂದು ದಿನ ಯಾರೋ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ ಎಂದೂ ಹೇಳಿದರು. ಆ ತಾಯಿಯ ಮುಖ ಬಿಳಿಚಿಕೊಂಡಿತು. ಬದರೀನಾಥರಿಗೆ ತಡೆಯಲಾಗಲಿಲ್ಲ.

“ಶೈಲಾ, ಬಂದೋರ ಮುಂದೆ ಇದೇನಿದು? ಬಿಡ್ತು ಅನ್ನು.”

“ಅನ್ನಲ್ಲ ರೀ,” ಎಂದರು ಶೈಲಮ್ಮ. “ಅವತ್ತು ಅಂದೆನಲ್ಲ.”