ಎರಡು ಕೌದಿಯ ಪಾಠ

ಮೋರಟಗಿಯ ಪಂಢರಿನಾಥ ಮಾಸ್ತರರು ತೊಂಬತ್ಮೂರರ ಅನಂತ ಚತುರ್ದಶಿಯ ಆಚೆ ಮನೆಯೊಳಗೆ ಮಲಗಿದವರಲ್ಲ. ಬೇಸಿಗೆಯಲ್ಲಿ ಊರಿಗೆ ಊರೇ ಹೊರಗೆ ಮಲಗುತ್ತದೆ, ಅದರಲ್ಲೇನು ವಿಶೇಷ ಎನ್ನಬೇಡಿ. ಇವರು ಮಾಗಿಯ ಚಳಿಯಲ್ಲೂ ಅಂಗಳದಲ್ಲೇ. ಮಳೆ ಬಂದರೆ ನಾಲ್ಕು ಗಳ ನೆಟ್ಟು, ತಾಡಪತ್ರಿ ಕಟ್ಟಿ, ಅದರಡಿ ಮುದುಡಿ ಕೂಡುವರು. ಊರಿನ ಬಾಯಿಗೆ ಬೀಗವುಂಟೆ? ಹೆಂಡತಿಯೊಡನೆ ಜಗಳವಂತೆ, ತಲೆ ಕೆಟ್ಟಿದೆಯಂತೆ ಎಂದು ಆಡಿಕೊಂಡರು. ಹೆಂಡತಿ ರಂಗೂಬಾಯಿ ಕಾರಣ ಬಲ್ಲರು, ಆದರೆ ಯಾರೆದುರೂ ಬಾಯಿ ಬಿಡಲಿಲ್ಲ.

ಮಾಸ್ತರರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಅವರ ಜ್ವಾಲಾಮುಖಿಯ ಪಾಠವೆಂದರೆ ಪಕ್ಕದ ವರ್ಗದ ಮಕ್ಕಳೂ ಕಿಟಕಿಗೆ ಬಂದು ಜೋತುಬೀಳುತ್ತಿದ್ದರು. ಮನೆಯಿಂದ ಎರಡು ಕೌದಿ ಹೊತ್ತು ತಂದು, ಮೇಜಿನ ಮೇಲೆ ಎದುರುಬದುರು ಹಾಸಿ ನಿಲ್ಲುವರು.

"ಇದು ನಮ್ಮ ನೆಲ, ಅದು ಉತ್ತರದ ನೆಲ. ಮೊದಲ ನಡುವ ಸಮುದ್ರ ಇತ್ತು. ಅದರ ತಳ ಉತ್ತರದ ನೆಲದ ಅಡಿಯಾಗ ಜಾರ್ತಿತ್ತು. ನೀರು ಕೂಡಿದ ಕಲ್ಲು ಲಗೂ ಕರಗತೈತಿ. ಕರಗಿದ್ದು ಬೆಂಕಿಯಾಗಿ ಮ್ಯಾಲ ಉಕ್ಕತಿತ್ತು. ಆಮ್ಯಾಲ ಸಮುದ್ರ ಮುಚ್ಚಿತು. ಖಂಡಕ್ಕ ಖಂಡ ಡಿಕ್ಕಿ ಹೊಡೀತು."

ಎರಡೂ ಕಡೆಯಿಂದ ನೂಕಿದಾಗ ಕೌದಿಗಳು ಮಡಿಕೆ ಮಡಿಕೆಯಾಗಿ ಮೇಲೇಳುತ್ತಿದ್ದವು. "ಇದ ಹಿಮಾಲಯ. ಐದಾರು ಕೌದಿ ಹೊದ್ದು ಮಲಗಿದರ ಏನಾಗತೈತಿ?"

"ಬೆವರು ಬರತೈತ್ರಿ ಸರ್."

"ಕಲ್ಲಿಗೂ ಹಂಗ. ದಪ್ಪ ಆದ ನೆಲದ ಅಡಿಯಾಗ ಕಾವು ಏರಿ ಕಲ್ಲು ಕರಗತೈತಿ. ಅದಕ್ಕ ಶಿಲಾಪಾಕ ಅಂತಾರ. ಆದ್ರ ಮ್ಯಾಲ ಅಷ್ಟು ದಪ್ಪ ನೆಲ ಕುಂತೈತಿ, ಹೊರಗ ಬರಾಕ ದಾರಿ ಇಲ್ಲ. ಒಳಗ ಆರಿ ಕಲ್ಲಾಗತೈತಿ. ಹಂಗಾಗಿ ಅಷ್ಟು ದೊಡ್ಡ ಗುಡ್ಡದಾಗ ಜ್ವಾಲಾಮುಖಿ ಇಲ್ಲ. ಇನ್ನ ನಮ್ಮ ಕರಿಕಲ್ಲಂತೂ ಕೋಟಿಗಟ್ಟಲೆ ವರ್ಷದ ಹಿಂದ ಉಕ್ಕಿ ಆರಿದ್ದು. ನಿಶ್ಚಿಂತಿ ಇರ್ರಿ." ಕೌದಿ ಮಡಚುವಾಗ ಒಂದು ಮಾತು ಸೇರಿಸುವರು: "ನೂಕೂದು ಮಾತ್ರ ಇನ್ನೂ ನಿಂತಿಲ್ಲ, ಅದಕ್ಕ ನೆಲ ಆಗಾಗ ನಡಗತೈತಿ."

ಈ ಕೌದಿಗಳನ್ನು ಹೊಲಿದವಳು ತಂಗಿ ವರದಾ. ಅವಳನ್ನು ಗಡಿಯಾಚೆ ಕಿಲ್ಲಾರಿ ಕಡೆಯ ಹಳ್ಳಿಗೆ ಕೊಟ್ಟಿತ್ತು. ಅಲ್ಲಿ ಒಂದು ವರ್ಷದಿಂದ ನೆಲ ಆಗಾಗ ಗುಡುಗುತ್ತಿತ್ತು. ಕೆಳಗೆ ಜ್ವಾಲಾಮುಖಿ ಹುಟ್ಟಿದೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರು. ಪಂಚಮಿಗೆ ತವರಿಗೆ ಬಂದ ವರದಾ ಅಧಿಕಮಾಸ ಮುಗಿಯುತ್ತ ಬಂದರೂ ಹೋಗುವ ಮಾತೆತ್ತಲಿಲ್ಲ. ಮನೆಯಲ್ಲಿ ಗಣಪತಿ ಕೂಡುವ ಹಬ್ಬ ಹತ್ತಿರ ಬಂತು. ಸೊಸೆ ಇಲ್ಲದೆ ಹೇಗೆ ಎಂದು ಅತ್ತೆಯ ಮನೆಯಿಂದ ಪತ್ರ ಬಂತು.

"ಅಣ್ಣಾ, ಗ್ವಾಡಿ ಅಲಗಾಡ್ತಾವ. ಓಣಿಯವರೆಲ್ಲ ಅಂಗಳದಾಗ ಮಲಗತೇವಿ. ಒಳಗ ಮಲಗಬಹುದೇನು? ನೀ ಹೇಳಿದರ ನಾ ನಂಬತೇನಿ," ಎಂದಳು.

ಮಾಸ್ತರರು ನಕ್ಕರು. ಅಯ್ಯೋ, ಅವತ್ತು ನಗಬಾರದಿತ್ತು. ಗೋಡೆ ಎಂದ ಮಾತು ಕಿವಿಗೆ ಬೀಳಲೇ ಇಲ್ಲ. ಜ್ವಾಲಾಮುಖಿಯ ಗಾಳಿಸುದ್ದಿಯೊಂದೇ ಅವರ ತಲೆಯಲ್ಲಿತ್ತು, ಅದಕ್ಕೆ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಕೌದಿ ಹಾಸಿ ತೋರಿಸಿದರು. ಓಣಿಯವರಿಗೂ ತಿಳಿಯಲೆಂದು ಮರಾಠಿಯಲ್ಲಿ ಎರಡು ಪುಟ ಬರೆದು ಕೊಟ್ಟರು. ನೂಕುವುದು ನಿಂತಿಲ್ಲ ಎಂಬ ಸಾಲನ್ನು ಮಾತ್ರ ಬಿಟ್ಟರು, ಹೆಣ್ಣುಮಗಳು ಸುಮ್ಮನೆ ಹೆದರುತ್ತಾಳೆಂದು. ರಂಗೂಬಾಯಿ ಉಡಿ ತುಂಬಿದರು. ಬಸ್ಸು ಹೊರಟಾಗ ಮಾಸ್ತರರು ಕಿಟಕಿಯ ಹತ್ತಿರ ನಿಂತು, "ಒಳಗ ಮಲಗು, ಏನೂ ಆಗಂಗಿಲ್ಲ," ಎಂದರು.

ಗಣಪತಿ ಬಂದು ಹೋದ. ಅನಂತ ಚತುರ್ದಶಿಯ ಮರುದಿನ, ಇನ್ನೂ ಬೆಳಕು ಹರಿಯುವ ಮುನ್ನ, ಮೋರಟಗಿಯಲ್ಲೂ ನೆಲ ನಡುಗಿ ಗೋಡೆಯ ಗೂಡಿನಲ್ಲಿದ್ದ ತಂಬಿಗೆ ಉರುಳಿತು. ಮಧ್ಯಾಹ್ನ ರೇಡಿಯೋ ಕಿಲ್ಲಾರಿಯ ಹೆಸರು ಹೇಳಿತು. ಸಿಂದಗಿಯಿಂದ ಇಂಡಿ, ಇಂಡಿಯಿಂದ ಸೊಲ್ಲಾಪುರ, ಮುಂದೆ ಯಾರದೋ ಲಾರಿ. ಮಾಸ್ತರರು ಮುಟ್ಟುವ ಹೊತ್ತಿಗೆ ತಂಗಿಯನ್ನು ಸುಟ್ಟಾಗಿತ್ತು. ಕಟ್ಟಿಗೆ ಸಾಲದೆ ಒಂದೇ ಚಿತೆಗೆ ಆರು ಮಂದಿಯನ್ನು ಇಟ್ಟಿದ್ದರಂತೆ.

ತಂಗಿಯ ಗಂಡ ದಿಗಂಬರ ಗಣಪತಿ ಕಳಿಸಲು ಹೋಗಿ ಹೊರಗೆ ಉಳಿದಿದ್ದ, ಅದರಿಂದ ಬದುಕಿದ್ದ. ಕುಸಿದ ಮನೆಯ ಕಲ್ಲು ಮಣ್ಣಿನ ಗುಡ್ಡೆಯ ಮೇಲೆ ಕೂತವನು ತಲೆಯೆತ್ತದೆ ಮರಾಠಿಯಲ್ಲಿ ಹೇಳಿದ: "ನಿಮ್ಮ ಕಾಗದ ಓಣಿಗೆಲ್ಲ ಓದಿ ಹೇಳಿದಳು. ಮಾಸ್ತರ ಅಣ್ಣ ಬರೆದಿದ್ದಾನೆ ಅಂದಳು. ಮರುದಿನವೇ ಎಲ್ಲರೂ ಹಾಸಿಗೆ ಒಳಗೆ ಒಯ್ದರು." ಕೈಯ ಮಣ್ಣು ಒರೆಸಿಕೊಂಡು, "ನೀವು ಬರೆದದ್ದು ಸುಳ್ಳಾಗಲಿಲ್ಲ. ಬೆಂಕಿ ಬರಲಿಲ್ಲ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಮಾಸ್ತರರಿಗೆ ಒಂದಿಷ್ಟು ಉಸಿರಾಡಲಾದರೂ ಆಗುತ್ತಿತ್ತು.

ಆಮೇಲೆ ಅವರು ಕೌದಿಗಳನ್ನು ಸಾಲೆಗೆ ಒಯ್ಯಲಿಲ್ಲ. ಪಾಠ ಬಂದಾಗ ಪುಸ್ತಕ ಓದಿ ಮುಗಿಸುವರು. ಎರಡು ಸಾವಿರದ ಒಂದರ ಗಣರಾಜ್ಯ ದಿನ ಗುಜರಾತಿನಲ್ಲಿ ನೆಲ ನಡುಗಿತು. ಸೋಮವಾರ ಒಂಬತ್ತನೆಯ ವರ್ಗದ ಸುಲ್ತಾನಬಿ ಎದ್ದು ನಿಂತಳು.

"ಸರ್, ನಾವು ಒಳಗ ಮಲಗಬಹುದ್ರಿ?"

ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟು, "ಮನಿ ನೋಡಿ ಹೇಳತೇನಿ," ಎಂದರು. ಗಂಟೆ ಹೊಡೆದ ಮೇಲೆ ಅವಳ ಹಿಂದೆಯೇ ಅವಳ ಮನೆಗೆ ನಡೆದರು. ಕಲ್ಲು ಮಣ್ಣಿನ ಗೋಡೆ, ಮೇಲೆ ಎರಡು ಮೊಳ ದಪ್ಪದ ಮಣ್ಣಿನ ಮಾಳಿಗೆ. ವರದಾಳ ಮನೆಯೂ ಹೀಗೇ ಇತ್ತು. ಅವಳ ಅಪ್ಪ ಖಾಜಾಸಾಬ ಓಡಿಬಂದು ಕುರ್ಚಿ ಹಾಕಿದ.

"ಮಾಳಿಗಿ ಮ್ಯಾಲಿನ ಮಣ್ಣು ತೆಗಸು ಖಾಜಾಸಾಬ. ತಗಡಿನ ಪತ್ರಾ ಹಾಕಸು. ಇಲ್ಲಂದ್ರ ಅಂಗಳದಾಗರ ಮಲಗ್ರಿ."

ಖಾಜಾಸಾಬ ನಕ್ಕ. "ಸರ್, ನಾನೂ ನಿಮ್ಮ ಕೈಯಾಗ ಕಲ್ತಾಂವ. ಎರಡು ಕೌದಿ ಹಾಸಿ ತೋರಿಸಿದ್ರಿ, ನಮ್ಮ ನೆಲ ಆರಿದ್ದು, ನಿಶ್ಚಿಂತಿ ಇರ್ರಿ ಅಂದ್ರಿ. ಇವತ್ತಿಗೂ ನೆನಪೈತ್ರಿ. ಮೊನ್ನಿ ಓಣಿ ಮಂದಿ ಹೆದರಿ ಹೊರಗ ಹಾಸಾಕ ಹತ್ತಿದ್ರು. ನಾನ ನಿಮ್ಮ ಹೆಸರು ಹೇಳಿ ಎಲ್ಲಾರನೂ ಒಳಗ ಕಳಿಸೇನ್ರಿ."

"ನಾ ಹೇಳಿದ್ದು ಬೆಂಕಿದಷ್ಟ, ಗ್ವಾಡಿದಲ್ಲ," ಎನ್ನಲು ಮಾಸ್ತರರು ಬಾಯಿ ತೆರೆದರು. ಖಾಜಾಸಾಬ ಚಹಾ ತರಲು ಒಳಗೆ ಹೋಗಿದ್ದ.