ಇಪ್ಪತ್ತೈದನೇ ನಂಬರಿನ ಬಾಗಿಲು

ಪ್ಲಗ್ಗು ಕೀಳುವುದಕ್ಕೆ ಪಾಸ್‌ವರ್ಡ್ ಬೇಕಿಲ್ಲ. ಇದು ನನಗೆ ತಿಳಿದದ್ದು ಒಂದು ಆಯುಧಪೂಜೆಯ ದಿನ, ಬಂಗಾರಪೇಟೆಯ ನಮ್ಮ ಹಾಲಿನ ಕಚೇರಿಯಲ್ಲಿ. ಆ ಸಿಟ್ಟು ಇನ್ನೂ ಇಳಿದಿಲ್ಲ. ಬರೆದರಾದರೂ ಇಳಿಯುತ್ತದೇನೋ ನೋಡೋಣ ಅಂತ ಕೂತಿದ್ದೇನೆ.

ನಾನು ಅಲ್ಲಿ ಗುತ್ತಿಗೆಯ ಮೇಲೆ ಕಂಪ್ಯೂಟರ್ ಕೆಲಸದವನು. ಮನೆ ಊರಿಗಾಂನಲ್ಲಿ, ಬೆಳಿಗ್ಗೆ ಮಾರಿಕುಪ್ಪಂನಿಂದ ಬರುವ ರೈಲು ಹತ್ತಿ ಕೆಲಸಕ್ಕೆ ಹೋಗುತ್ತೇನೆ. ಸುತ್ತಲ ಹಳ್ಳಿಗಳ ಸಂಘಗಳು ನಮ್ಮಲ್ಲಿಗೆ ಹಾಲು ಕಳಿಸುತ್ತವೆ. ಕಚೇರಿಯ ಇ-ಮೇಲ್‌ಗಳೆಲ್ಲ ಬರುವುದು, ಹೋಗುವುದು ಮೂಲೆಯಲ್ಲಿಟ್ಟ ಒಂದು ಮಿಷನ್‌ನಿಂದ. ಅದನ್ನು ನೋಡಿಕೊಳ್ಳುವವನು ನಾನು. ಅದರ ಯಜಮಾನ ಮಾತ್ರ ನಾನಲ್ಲ. ಅಡ್ಮಿನ್ ಪಾಸ್‌ವರ್ಡ್ ನಮ್ಮ ಅಧ್ಯಕ್ಷರ ಅಳಿಯನ ಹತ್ತಿರ, ಕಚೇರಿಯವರ ಬಾಯಲ್ಲಿ 'ಅಳಿಯಂದಿರು'. ಅವರಿಗೆ ಪೇಟೆಯಲ್ಲೇ ಕಂಪ್ಯೂಟರ್ ಅಂಗಡಿ. ಮಿಷನ್ ಮಾರಿದವರೂ ಅವರೇ, ಬೀಗ ಇಟ್ಟುಕೊಂಡವರೂ ಅವರೇ.

ಇದರಲ್ಲೊಂದು ತಾಪತ್ರಯ ಇದೆ, ಹೇಳಿಬಿಡುತ್ತೇನೆ. ಹೊರಗಿನ ಮೇಲ್ ಒಳಗೆ ಬರಲು ಮಿಷನ್‌ಗೆ ಒಂದು ಬಾಗಿಲು ಇರುತ್ತದೆ, ಅದರ ನಂಬರು ಇಪ್ಪತ್ತೈದು. ಲೋಕದ ಮೇಲ್‌ಗಳೆಲ್ಲ ಬಂದು ತಟ್ಟುವುದು ಆ ಬಾಗಿಲನ್ನೇ. ಅಂಥ ಸಣ್ಣ ನಂಬರಿನ ಬಾಗಿಲು ತೆಗೆಯುವ ಹಕ್ಕು ಅಡ್ಮಿನ್‌ಗೆ ಮಾತ್ರ. ನನ್ನಂಥ ಬರೀ ಬಳಕೆದಾರನಿಗೆ ಹಿತ್ತಿಲ ಕಡೆಯ ದೊಡ್ಡ ನಂಬರಿನ ಬಾಗಿಲೇ ಗತಿ. ಅದಕ್ಕೆ ಅಳಿಯಂದಿರು ಒಂದು ಸಾಲಿನ ಆಜ್ಞೆ ಕೊಟ್ಟಿದ್ದರು: ಮುಂಬಾಗಿಲಿಗೆ ಬಂದವರನ್ನು ಹಿತ್ತಿಲಿಗೆ ಕಳಿಸು. ಮಿಷನ್ ಓಡುತ್ತಿರುವಷ್ಟು ದಿನ ಆ ಆಜ್ಞೆಗೆ ಜೀವ. ಒಮ್ಮೆ ಆಫ್ ಆದರೆ ಮುಗಿಯಿತು, ಮತ್ತೆ ಅವರೇ ಬಂದು ಬರೆಯಬೇಕು.

"ಅದನ್ನೊಂದು ಖಾಯಂ ಮಾಡಿಕೊಡಿ ಸಾರ್, ಇಲ್ಲಾಂದ್ರೆ ಆ ಒಂದು ಸಾಲಿಗೆ ಮಾತ್ರ ನನಗೆ ಹಕ್ಕು ಕೊಡಿ" ಎಂದು ಎಷ್ಟೋ ಸಲ ಕೇಳಿದ್ದೆ.

"ಇವತ್ತು ಒಂದು ಸಾಲು ಅಂತೀರ, ನಾಳೆ ಇಡೀ ಮಿಷನ್ ಕೇಳ್ತೀರ" ಎಂದು ನಗುತ್ತಿದ್ದರು.

ಆಯುಧಪೂಜೆಗೆ ಕಚೇರಿ ತೊಳೆದರು, ಬಾಳೆಕಂದು ಕಟ್ಟಿದರು. ಹಾಲು ತಂಪು ಮಾಡುವ ಯಂತ್ರ ಓಡುತ್ತಿರುವಾಗಲೇ ಅದಕ್ಕೆ ಕುಂಕುಮ ಇಟ್ಟರು. ನಿಲ್ಲಿಸಿದರೆ ಹಾಲು ಕೆಡುತ್ತದಲ್ಲ. ನನ್ನ ಮಿಷನ್ ಹತ್ತಿರ ಬಂದಾಗ ಮ್ಯಾನೇಜರು, "ಇದನ್ನ ಆಫ್ ಮಾಡಪ್ಪ. ಆಯುಧಕ್ಕೂ ಒಂದು ದಿನ ರಜೆ ಬೇಡ್ವಾ?" ಎಂದರು.

"ಸಾರ್, ಆಫ್ ಮಾಡೋ ಹಕ್ಕೂ ನನಗಿಲ್ಲ. ಆಫ್ ಆದ್ರೆ ಮೇಲ್ ನಿಂತುಹೋಗುತ್ತೆ" ಎಂದೆ.

"ಹಬ್ಬದ ದಿನ ಯಾರು ಮೇಲ್ ಕಳಿಸ್ತಾರೆ?" ಎನ್ನುತ್ತ ಬಗ್ಗಿ ಪ್ಲಗ್ಗು ಕಿತ್ತರು. ಮೇಲೆ ಒಂದು ಚೆಂಡುಹೂವು ಇಟ್ಟರು.

ರಜೆ ಮುಗಿಸಿ ಬಂದು ಮಿಷನ್ ಹಾಕಿದೆ. ನನ್ನ ಪಾಲಿನದ್ದನ್ನೆಲ್ಲ ಕೈಯಾರೆ ಎಬ್ಬಿಸಿದೆ. ಎಲ್ಲ ಸರಿಯಾಗಿ ಓಡಿತು, ಆದರೆ ಹೊರಗಿನಿಂದ ಒಂದು ಮೇಲೂ ಇಲ್ಲ. ಅಳಿಯಂದಿರಿಗೆ ಫೋನ್ ಮಾಡಿದೆ.

"ಮನೇಲಿ ನೆಂಟರಿದ್ದಾರೆ, ಸೋಮವಾರ ನೋಡೋಣ."

"ಒಂದು ಸಾಲು ಸಾರ್. ಫೋನಲ್ಲೇ ಹೇಳಿದ್ರೆ..."

"ಪಾಸ್‌ವರ್ಡ್ ಎಲ್ಲ ಫೋನಲ್ಲಿ ಹೇಳೋದಾ? ಏನ್ರೀ ನೀವು, ಓದಿದೋರು!"

ಅವರ ಅಂಗಡಿಯಿಂದ ನಮ್ಮ ಕಚೇರಿಗೆ ಒಂದು ಬೀಡಿ ಸೇದಿ ಮುಗಿಸುವಷ್ಟು ದಾರಿ.

ಬೇರೆ ಯಾವ ವಾರವಾಗಿದ್ದರೂ ನಾನು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಆ ವಾರ ಬರಬೇಕಾಗಿದ್ದದ್ದು ಒಂದು ಹಾಲಿನ ಪರೀಕ್ಷೆಯ ವರದಿ. ಬೇತಮಂಗಲದ ಪಕ್ಕದ ಹಳ್ಳಿಯಲ್ಲಿ ಹೆಂಗಸರೇ ನಡೆಸುವ ಸಂಘವೊಂದಿದೆ. ಹಬ್ಬಕ್ಕೆ ಮುಂಚೆ ಅವರ ಹಾಲಿಗೆ ಬೇಗ ಒಡೆಯದಿರಲೆಂದು ಸೋಡ ಬೆರೆಸಿದ್ದಾರೆ ಎಂದು ನಮ್ಮವರು ಅನುಮಾನಪಟ್ಟು, ಇನ್ನೊಂದು ಸ್ಯಾಂಪಲ್ ಬೆಂಗಳೂರಿನ ಲ್ಯಾಬಿಗೆ ಕಳಿಸಿದ್ದರು. ವರದಿ ಬರುವ ತನಕ ಅವರ ಹಾಲು ಬೇಡ ಎಂದು ಆರ್ಡರು. ದಿನವೂ ಅವರ ಕ್ಯಾನುಗಳು ತುಂಬಿಕೊಂಡೇ ಊರಿಗೆ ವಾಪಸು. ಖಾಸಗಿ ಡೈರಿಯ ವ್ಯಾನು ಆಗಲೇ ಆ ಹಳ್ಳಿಯ ಅರಳಿಕಟ್ಟೆ ಹತ್ತಿರ ಬಂದು ನಿಲ್ಲತೊಡಗಿತ್ತು. ಇನ್ನು ಸ್ವಲ್ಪ ತಡವಾದರೆ ಹೆಂಗಸರು ಒಬ್ಬೊಬ್ಬರೇ ಅತ್ತ ಹೋಗುತ್ತಿದ್ದರು, ಸಂಘ ಮುಚ್ಚುತ್ತಿತ್ತು, ಕಳ್ಳಹಾಲಿನವರು ಎಂಬ ಹೆಸರು ಉಳಿಯುತ್ತಿತ್ತು. ಆ ಸಂಘದ ಅಧ್ಯಕ್ಷೆ ನನ್ನ ಚಿಕ್ಕಮ್ಮ.

ಲ್ಯಾಬಿಗೆ ಫೋನ್ ಮಾಡಿದೆ. "ಹಾಲು ಚೆನ್ನಾಗಿದೆ ಸಾರ್, ಏನೂ ಬೆರೆತಿಲ್ಲ. ಕಳಿಸ್ತಾನೇ ಇದೀವಿ, ನಿಮ್ಮ ಕಡೆ ಹೋಗ್ತಾ ಇಲ್ಲ" ಎಂದರು ಅಲ್ಲಿನ ಮೇಡಂ. ನನ್ನ ಸ್ವಂತ ಮೇಲ್‌ಗೆ ತರಿಸಿ, ಪ್ರಿಂಟ್ ತೆಗೆದು ಮ್ಯಾನೇಜರ ಮುಂದಿಟ್ಟೆ.

ಅವರು ಕನ್ನಡಕ ಏರಿಸಿ ನೋಡಿದರು. "ಇದು ಕಚೇರಿ ವಿಳಾಸಕ್ಕೆ ಬಂದದ್ದಲ್ಲ. ಅದೂ ಅಲ್ದೆ ನಿಮ್ಮ ಚಿಕ್ಕಮ್ಮನ ಸಂಘ. ನಾಳೆ ಯಾರಾದ್ರೂ ಈ ವರದಿ ನೀನೇ ಮಾಡಿಕೊಂಡೆ ಅಂದ್ರೆ?"

ನನ್ನ ಅಜ್ಜಿ ಸಿಟ್ಟು ಬಂದಾಗ ಆಡುತ್ತಿದ್ದ ತೆಲುಗು-ಕನ್ನಡ ಬೆರೆತ ಮಾತುಗಳೆಲ್ಲ ಗಂಟಲಿನವರೆಗೆ ಬಂದವು. ನುಂಗಿಕೊಂಡೆ. ಗುತ್ತಿಗೆಯವನು ಬೇರೇನು ಮಾಡಲಿ? ಪ್ಲಗ್ಗು ಕಿತ್ತವರು ಕುರ್ಚಿಯ ಮೇಲೆ ಕೂತಿದ್ದರು, ಬಾಗಿಲು ಮುಚ್ಚಿದವರು ನೆಂಟರೊಡನೆ ಹೋಳಿಗೆ ತಿನ್ನುತ್ತಿದ್ದರು. ಕಚೇರಿಯವರೆಲ್ಲ ಮಾತ್ರ ನನ್ನನ್ನೇ ಕೇಳುತ್ತಿದ್ದರು: "ಏನಪ್ಪ, ನಿನ್ನ ಮೇಲ್ ಕೆಟ್ಟೋಗಿದೆಯಂತೆ?"

ಚಿಕ್ಕಮ್ಮನ ಫೋನು ಬಂತು. "ಏಮಿರಾ ಮಗಾ, ಕಾಗ್ದ ಬಂತಾ?"

"ಬಾಗಿಲಾಚೆ ನಿಂತೈತೆ ಚಿಕ್ಕಮ್ಮ."

"ತೆಗಿಯಲಾ ಬಾಗಿಲು!"

"ನನ್ಗೆ ಆ ಅಕ್ಕು ಇಲ್ಲ. ಬೀಗ ಅಧ್ಯಕ್ಷರ ಅಳಿಯನ ತಾವ ಐತೆ."

"ಮತ್ತೆ ನೀನು ಅಲ್ಲಿ ಏನ್ಲಾ ಕಾಯ್ತಿದ್ದೀಯ?"

ಉತ್ತರಕ್ಕೆ ಕಾಯದೆ ಫೋನ್ ಇಟ್ಟಳು. ಮಾರನೆಯ ಬೆಳಿಗ್ಗೆ ಬೇತಮಂಗಲದ ಬಸ್ಸಿನಿಂದ ಒಂದು ಸಣ್ಣ ಕ್ಯಾನು ಹಿಡಿದು ಇಳಿದಳು. ಕಚೇರಿಗೂ ಬರದೆ, "ಅವನ ಅಂಗಡಿ ತೋರ್ಸು ನಡಿ" ಎಂದಳು.

ಅಳಿಯಂದಿರು ಅಂಗಡಿಯಲ್ಲಿ ಕಾಫಿ ಕುಡಿಯುತ್ತಿದ್ದರು. ನೆಂಟರು ಯಾರೂ ಕಾಣಲಿಲ್ಲ. ಚಿಕ್ಕಮ್ಮ ಕ್ಯಾನನ್ನು ಗಾಜಿನ ಮೇಜಿನ ಮೇಲೆ, ಹೊಸ ಲ್ಯಾಪ್‌ಟಾಪ್ ಪಕ್ಕ, ಧಡ್ ಎಂದು ಇಟ್ಟಳು.

"ಏನಮ್ಮ ಇದು?"

"ಇವತ್ತು ಕರೆದ ಆಲು. ನಿಮ್ಮ ಕಚೇರಿಗೆ ಬೇಡ್ವಂತೆ. ನೀನು ಎದ್ದು ಬರೋಗಂಟ ಇಲ್ಲೇ ಇರ್ತೈತೆ. ಒಡೆದ್ರೆ ಇಲ್ಲೇ ಒಡೀಲಿ."

"ಪೂಜೆಗೆ ಮಿಷನ್ ಆಫ್ ಮಾಡಿದ್ದಕ್ಕೆ ನಾನೇನು ಮಾಡ್ಲಮ್ಮ? ಸೋಮವಾರ ಬರ್ತೀನಿ ಅಂದಿದ್ದೀನಲ್ಲ."

"ಸಂಕ್ರಾಂತಿಗೆ ನಾವೂ ಅಸುಗಳ್ಗೆ ಪೂಜೆ ಮಾಡ್ತೀವಿ ಕಣಪ್ಪ. ಮೈ ತೊಳೀತೀವಿ, ಕೊಂಬಿಗೆ ಬಣ್ಣ ಬಳೀತೀವಿ, ಕಿಚ್ಚು ಆಯಿಸ್ತೀವಿ. ಅಂಗಂತ ಅವತ್ತು ಆಲು ಕರೆಯಾದು ಬಿಡ್ತೀವಾ? ಸೋಮವಾರ ಕರೀತೀನಿ ಇರು ಅಂದ್ರೆ ಕೆಚ್ಚಲು ಕೇಳ್ತೈತಾ?"

ಬಾಗಿಲಲ್ಲಿ ಆಗಲೇ ನಾಲ್ಕು ಜನ ಸೇರಿ ನಗುತ್ತಿದ್ದರು. ಚಿಕ್ಕಮ್ಮ ಸ್ಟೂಲ್ ಎಳೆದುಕೊಂಡು ಕೂತು, ಸೆರಗಿನಿಂದ ಎಲೆ ಅಡಿಕೆ ಬಿಚ್ಚಿದಳು. ಬಿಸಿಲೇರಿತು. ಗಿರಾಕಿಗಳು ಬಂದರು, ಕ್ಯಾನು ನೋಡಿದರು, ಹೋದರು. ಕೊನೆಗೆ ಅಳಿಯಂದಿರು ಎದ್ದರು.

"ಕ್ಯಾನು ಇಡ್ಕೊ, ನನ್ ಕೈ ನೋಯ್ತೈತೆ" ಎಂದಳು ಚಿಕ್ಕಮ್ಮ, ನನಗಲ್ಲ, ಅವರಿಗೆ. ಅವರು ಹಿಡಿದುಕೊಂಡರು.

ಕಚೇರಿಯಲ್ಲಿ ಮಿಷನ್ ಮುಂದೆ ಕೂತು ನನ್ನತ್ತ ನೋಡಿ, "ಸ್ವಲ್ಪ ಆ ಕಡೆ ತಿರುಗಿ" ಎಂದರು. ತಿರುಗಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಕಾಮಧೇನು ಇದ್ದಳು, ಅವಳನ್ನೇ ನೋಡುತ್ತ ನಿಂತೆ. ವರ್ಷಗಟ್ಟಲೆ ಆ ಮಿಷನ್‌ನ ಧೂಳು ಒರೆಸಿದವನು ನಾನು, ಕೆಟ್ಟಾಗ ಬೈಸಿಕೊಂಡವನು ನಾನು. ಹಿಂದೆ ಟಕಟಕ ಸದ್ದು ಒಂದು ಉಸಿರಿನಷ್ಟು ಹೊತ್ತು ಕೇಳಿತು, ನಿಂತಿತು. ಅಷ್ಟೇ ಕೆಲಸ. ಅಷ್ಟಕ್ಕೆ ಒಂದು ಹಳ್ಳಿಯ ಹೆಂಗಸರು ಹಾಲನ್ನು ಬಸಿದು ಬಸಿದು ಕರುಗಳಿಗೆ ಕುಡಿಸಿದ್ದರು.

ಲ್ಯಾಬಿನವರಿಗೆ ಇನ್ನೊಮ್ಮೆ ಕಳಿಸಲು ಹೇಳಿದೆ. ವರದಿ ಬಂತು. ಮ್ಯಾನೇಜರು ಓದುತ್ತಿರುವಾಗ ಚಿಕ್ಕಮ್ಮ ಕ್ಯಾನಿನ ಮುಚ್ಚಳ ತೆಗೆದು ಅವರ ಮೂಗಿನ ಹತ್ತಿರ ಹಿಡಿದಳು. ಹಾಲು ಹುಳಿವಾಸನೆ ಹೊಡೆಯುತ್ತಿತ್ತು.

"ಒಡೆದೈತೆ ನೋಡಿ ಸ್ವಾಮಿ. ಸೋಡ ಆಕಿದ್ರೆ ಇಷ್ಟು ಬೇಗ ಒಡೀತಿತ್ತಾ?"

ಮ್ಯಾನೇಜರು ವರದಿಯ ಮೇಲೆ ಸೀಲು ಒತ್ತಿದರು. ಮಾರನೆಯ ದಿನ ಸಂಘದ ಕ್ಯಾನುಗಳು ಒಳಗೆ ಬಂದವು. ಅಷ್ಟರಲ್ಲಿ ಇಬ್ಬರು ಹೆಂಗಸರು ಖಾಸಗಿ ವ್ಯಾನಿಗೆ ಹೋಗಿಬಿಟ್ಟಿದ್ದರು. ಅವರಿನ್ನೂ ವಾಪಸು ಬಂದಿಲ್ಲ.

ಪಾಸ್‌ವರ್ಡ್ ಈಗಲೂ ಅಳಿಯಂದಿರ ಹತ್ತಿರವೇ ಇದೆ. ಆ ಸಾಲು ಖಾಯಂ ಆಗಿಲ್ಲ. ಕೇಳಿದಾಗಲೆಲ್ಲ "ಮಾಡೋಣ" ಎನ್ನುತ್ತಾರೆ. ಮಾರನೆಯ ವರ್ಷದ ಆಯುಧಪೂಜೆಗೆ ಮ್ಯಾನೇಜರು ಕುಂಕುಮದ ಬಟ್ಟಲು ಹಿಡಿದು ಬಂದಾಗ ನಾನು ಪ್ಲಗ್ಗಿಗೆ ಅಡ್ಡ ನಿಂತಿದ್ದೆ. ಅವರು ನನ್ನನ್ನೊಮ್ಮೆ, ಮಿಷನ್ ಅನ್ನೊಮ್ಮೆ ನೋಡಿದರು.

"ನಿಮ್ಮ ಚಿಕ್ಕಮ್ಮ ಏನಾದ್ರೂ ಬರ್ತಾರಾ ಇವತ್ತು?"

"ಇದು ನಿಂತರೆ ಬರ್ತಾರೆ ಸಾರ್" ಎಂದೆ.

ಓಡುತ್ತಿರುವ ಮಿಷನ್‌ಗೇ ಕುಂಕುಮ ಇಟ್ಟು ಮುಂದೆ ಹೋದರು.